ದಾರಿ ಬಿಟ್ಟ ಜೀಪು

ಬೆಂಗಳೂರಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ವರ್ಷಗಳಲ್ಲಿ ನನ್ನ ಸೀಟಿನ ಮುಂದೆ ಒಂದು ಟ್ಯಾಬು, ಒಂದು ವೈರ್‌ಲೆಸ್ ಸೆಟ್ಟು ಇದ್ದವು. ಕರೆ ಬಂದ ಮನೆಯ ವಿಳಾಸ, ಹೋಗಬೇಕಾದ ದಾರಿ ಎಲ್ಲವೂ ಟ್ಯಾಬಿಗೆ ಬರುತ್ತಿತ್ತು. ಎಲ್ಲಾದರೂ ಅದರ ಇಂಟರ್ನೆಟ್ ಕೈಕೊಟ್ಟರೆ ಸೆಟ್ಟು ಕರಕರ ಅನ್ನುತ್ತಾ ಕಂಟ್ರೋಲ್ ರೂಮಿನ ದನಿಯನ್ನು ತಂದು ಕೊಡುತ್ತಿತ್ತು. ಹೆಂಡತಿಗೆ ಆಲೂರಿನ ಅಂಗನವಾಡಿಯಲ್ಲಿ ಕೆಲಸವಾದ ಮೇಲೆ ನಾನೂ ವರ್ಗ ಕೇಳಿಕೊಂಡು ಸಕಲೇಶಪುರಕ್ಕೆ ಬಂದೆ. ಇಲ್ಲಿನ ಗಾಡಿಯಲ್ಲಿ ಬರೀ ಟ್ಯಾಬು. ಸೆಟ್ಟು ಎಲ್ಲಿ ಸಾರ್ ಎಂದು ಮೇಲ್ವಿಚಾರಕರನ್ನು ಕೇಳಿದೆ.

"ಡೇಟಾ ಐತಲ್ಲ ಮಾರಾಯ, ಸೆಟ್ ಯಾಕೆ? ಅದೆಲ್ಲ ಸಿಟಿಗೆ," ಎಂದರು.

ನಾನು ಹುಟ್ಟಿ ಬೆಳೆದ ಸೀಮೆ ಇದು. ಎಲ್ಲಿ ಸಿಗ್ನಲ್ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎನ್ನುವುದು ದನ ಕಾಯುವವರಿಗೂ ಗೊತ್ತು. ಮೇಲ್ವಿಚಾರಕರಿಗೆ ಮಾತ್ರ ಗೊತ್ತಿರಲಿಲ್ಲ.

ಕಾಳುಮೆಣಸಿನ ಕೊಯ್ಲು ನಡೆಯುತ್ತಿದ್ದ ಒಂದು ಬೆಳಿಗ್ಗೆ ಟ್ಯಾಬಿಗೆ ಕರೆ ಬಂತು. ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಆಳೊಬ್ಬ ಏಣಿಯಿಂದ ಬಿದ್ದಿದ್ದ. ಫೋನ್ ಮಾಡಿದವರು ಆ ಎಸ್ಟೇಟಿನ ಆಳುಗಳ ಲೆಕ್ಕ ನೋಡುವ ರೈಟರ್. ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಗೆ ಓಡಿ ಮಾಡಿದ್ದರಂತೆ. ನಾನು ಮತ್ತು ಗಾಡಿಯ ನರ್ಸ್ ತಕ್ಷಣ ಹೊರಟೆವು. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದ್ದೇ ತಡ, ಟ್ಯಾಬಿನ ನಕ್ಷೆ ಹಾಗೇ ನಿಂತುಬಿಟ್ಟಿತು. ರೈಟರ್ ನಂಬರೂ ಸಿಗಲಿಲ್ಲ. ದಾರಿಯಲ್ಲಿ ಕಂಡವರನ್ನು ಕೇಳಿಕೊಂಡು ಹೋದೆವು. ಒಮ್ಮೆ ತಪ್ಪು ತೋಟದ ಗೇಟಿಗೂ ಹೋಗಿ ವಾಪಸ್ ಬಂದೆವು.

ಒಂದು ತಿರುವಿನಲ್ಲಿ ಎದುರಿನಿಂದ ಜೀಪೊಂದು ಬಂತು. ಹಿಂದೆ ಟಾರ್ಪಾಲು ಕಟ್ಟಿತ್ತು. ರಸ್ತೆ ಒಂದೇ ಗಾಡಿಯಷ್ಟು ಅಗಲ. ನಮ್ಮ ಸೈರನ್ ಕೇಳಿ ಜೀಪಿನವನು ಗಾಡಿಯನ್ನು ಹಿಂದಕ್ಕೆ ತೆಗೆದು, ಬೇಲಿಗೆ ಒತ್ತಿ ನಿಲ್ಲಿಸಿದ. ನಾನು ಕೈ ಎತ್ತಿದೆ, ಅವನೂ ಎತ್ತಿದ. ದಾಟಿಕೊಂಡು ಮುಂದೆ ಹೋದೆವು.

ಆಳುಗಳ ಲೈನ್ ಮನೆಗಳ ಮುಂದೆ ನಿಂತಿದ್ದ ರೈಟರ್ ನಮ್ಮನ್ನು ಕಂಡು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಎದುರಿಗೆ ಸಿಗ್ಲಿಲ್ವೇನ್ರೀ? ಕಾದು ಕಾದು ಜೀಪಲ್ಲಿ ಕಳಿಸ್ಬುಟ್ಟೆ! ಇನ್ನೊಂದ್ಸಲ ಗುಡ್ಡ ಹತ್ತಿ ಫೋನ್ ಮಾಡಿ ಹೇಳಿದ್ದೆ ಕಣ್ರೀ. ಗಾಡಿಯೋರಿಗೆ ತಿಳಿಸ್ತೀವಿ ಅಂದ್ರು."

ತಿಳಿಸಿದ್ದು ಸುಳ್ಳಲ್ಲ. ಗಾಡಿ ತಿರುಗಿಸಿಕೊಂಡು ಹೆದ್ದಾರಿಗೆ ಬಂದಾಗ ಟ್ಯಾಬು ಟಿಣ್ ಎಂದಿತು. ಕಂಟ್ರೋಲ್ ರೂಮ್ ಆಗಲೇ ಕಳಿಸಿದ್ದ ಸಂದೇಶ: ರೋಗಿ ಜೀಪಿನಲ್ಲಿ ಬರುತ್ತಿದ್ದಾರೆ, ದಾರಿಯಲ್ಲಿ ಹತ್ತಿಸಿಕೊಳ್ಳಿ. ನರ್ಸ್ ಅದನ್ನು ಓದಿ ಕಿಟಕಿಯ ಆಚೆ ಉಗಿದಳು.

ಜೀಪು ನಮಗೆ ಸಿಕ್ಕಿದ್ದು ಆಸ್ಪತ್ರೆಯ ಬಾಗಿಲಲ್ಲಿ. ಬಿದ್ದವನನ್ನು ಗೋಣಿಚೀಲಗಳ ಮೇಲೆ ಮಲಗಿಸಿ ತಂದಿದ್ದರು. ಬಿದ್ದಾಗ ಕಾಲ್ಬೆರಳು ಆಡುತ್ತಿದ್ದವಂತೆ, ಈಗ ಆಡುತ್ತಿರಲಿಲ್ಲ. ಬೆನ್ನು ಅಲುಗದಂತೆ ಕಟ್ಟಿ ಮಲಗಿಸುವ ಹಲಗೆ ನಮ್ಮ ಗಾಡಿಯಲ್ಲಿ ಖಾಲಿಯಾಗಿ ಹೋಗಿ ಖಾಲಿಯಾಗಿಯೇ ಬಂದಿತ್ತು. ಅವನ ಹೆಂಡತಿ ನನ್ನ ಗುರುತು ಹಿಡಿದಳು.

"ಅಣ್ಣ, ನೀವು ಹೋಗಿದ್ದು ನೋಡ್ದೆ. ನಮಗೇ ಬಂದಿದ್ರೆ ನಿಲ್ಲಿಸ್ತಿದ್ರು, ಇನ್ಯಾರ್ ಜೀವಕ್ಕೋ ಕಷ್ಟ ಬಂದೈತೆ ಅನ್ಕಂಡೆ. ಜೀಪಿನೋನಿಗೆ ದಾರಿ ಬುಡು ಅಂದೋಳು ನಾನೇ."

ನಾನು ಗಾಡಿಯಿಂದ ಆ ಹಲಗೆಯನ್ನು ಇಳಿಸಿ ತಂದೆ.

ಮುಂದಿನ ಸಭೆಯಲ್ಲಿ ಮೇಲ್ವಿಚಾರಕರು ಆ ದಿನದ ವಿವರ ಓದಿದರು. ಕರೆ ಸ್ವೀಕಾರ ಆಗಿದೆ, ಗಾಡಿ ಸ್ಥಳ ತಲುಪಿದೆ, ರೋಗಿ ಆಸ್ಪತ್ರೆ ಸೇರಿದ್ದಾನೆ, ಕೇಸು ಮುಗಿದಿದೆ. ಎಲ್ಲಾ ಸರಿ. ನಾನು ಎದ್ದು, ಒಂದು ಸೆಟ್ಟು ಇದ್ದಿದ್ದರೆ ಆ ತಿರುವಿನಲ್ಲೇ ಅವನನ್ನು ಹತ್ತಿಸಿಕೊಳ್ಳುತ್ತಿದ್ದೆವು ಎಂದೆ. ಬೆಂಗಳೂರಿಗೆ ಬರೆದಿದ್ದೇವೆ ಎಂದರು. ಅದೇ ತಿಂಗಳು ಅಲ್ಲಿನ ನನ್ನ ಹಳೆಯ ಜೊತೆಗಾರ ಫೋನ್ ಮಾಡಿದ. ಅವರ ಗಾಡಿಗಳಿಗೆಲ್ಲ ಹೊಸ ಸೆಟ್ಟು ಬಂದಿದ್ದವು. ಹಳೆಯವು ಚೆನ್ನಾಗಿಯೇ ಇದ್ದರೂ ಉಗ್ರಾಣದಲ್ಲಿ ರಾಶಿ ಬಿದ್ದಿವೆ ಎಂದ.

ಹೆಗ್ಗದ್ದೆ ಕಡೆಯವರು ಈಗ ನಮ್ಮನ್ನು ಕರೆಯುವುದಿಲ್ಲ. ಯಾರಿಗೇ ಏನಾದರೂ ಆ ಜೀಪಿನವನ ಮನೆಗೇ ಓಡುತ್ತಾರೆ. ಇಲ್ಲಿ ಕರೆ ಕಡಿಮೆ, ಗಾಡಿಯನ್ನು ಬೇರೆ ಕಡೆಗೆ ಹಾಕಬಹುದು ಎಂದು ಮೇಲಿನವರು ಲೆಕ್ಕ ಹಾಕುತ್ತಿದ್ದಾರಂತೆ.

ಮೊನ್ನೆ ರಜೆಯ ದಿನ ಆ ಲೈನಿಗೆ ಹೋಗಿದ್ದೆ. ಏಣಿಯಿಂದ ಬಿದ್ದವನು ಹೊರಗೆ ಬಿಸಿಲಿಗೆ ಹಾಕಿದ ಮಂಚದ ಮೇಲೆ ಮಲಗಿದ್ದ.

"ನಿಮ್ದೇನ್ ತಪ್ಪೈತೆ ಬುಡಣ್ಣ," ಎಂದ. "ಕೂತ್ಕಳಿ, ಕಾಫಿ ಕುಡೀರಿ."

ಹೆಂಡತಿ ಲೋಟ ತಂದು ಮಂಚದ ತುದಿಯಲ್ಲಿಟ್ಟಳು. ನನ್ನ ಮುಖ ನೋಡಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ತೋಟದ ಕಡೆ ನಡೆದಳು.