ದಾರದ ಡ್ರಾಯರಿನಲ್ಲಿ ಕನ್ನಡಕ

ಆ ದಿನ ಬೆಳಿಗ್ಗೆ ಹೊಲಿಗೆಯವಳು ದಾರದ ಡ್ರಾಯರು ಎಳೆದರೆ ಒಳಗೆ ಗಂಡನ ಹಳೆ ಕನ್ನಡಕದ ಡಬ್ಬಿ.

"ರೀ, ಇದೇನು ನನ್ನ ಡ್ರಾಯರಲ್ಲಿ?"

ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ದವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಒಂದಕ್ಕೆ ಜನ ಕಟ್ಟಿ ಕಳಿಸುವ ಪ್ರೋಗ್ರಾಂ ಪ್ಯಾಕೇಜುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಯಾವ ಫೈಲು ಎಲ್ಲಿ ಕೂರಬೇಕು ಎಂಬ ವಿಷಯ ಬಂದರೆ ಕಡ್ಡಿ ಮುರಿದ ಹಾಗೆ ಮಾತಾಡುವವನು.

"ಯಾರೋ ಪುಣ್ಯಾತ್ಮ ಎರಡು ಫೈಲು ತಂದು ಲೋಕಲ್ ಫೋಲ್ಡರಿಗೆ ತುರುಕಿದಾನೆ. ವಾಪಸ್ ಕಳಿಸ್ತಿದೀನಿ."

"ಎರಡೇ ತಾನೆ, ಇರ್ಲಿ ಬಿಡಿ."

"ಅದು ಕಂಪ್ಯೂಟರ್ ಯಾರದೋ ಅವರ ಜಾಗ ಕಣೇ. ಪ್ಯಾಕೇಜಿಗೆ ಬೇರೆ ಜಾಗ ಇದೆ. ಇಲ್ಲಿ ಏನಿಡಬೇಕು ಅನ್ನೋದು ಒಡೆಯರಿಗೇ ಬಿಟ್ಟದ್ದು."

"ಊರಿಗೆಲ್ಲ ಬುದ್ಧಿ ಹೇಳಿ. ನಿಮ್ಮ ಡಬ್ಬಿ ಮಾತ್ರ ನನ್ನ ಡ್ರಾಯರಿಗೆ ತುರುಕಿ."

ಅವನು ನಕ್ಕ. "ಅದನ್ನೂ ವಾಪಸ್ ಕಳಿಸು."

ಕೈಯಲ್ಲಿ ಬಟ್ಟೆಯಿತ್ತು. ಆಮೇಲೆ ತೆಗೆದರಾಯಿತು ಎಂದುಕೊಂಡಳು. ಮರುದಿನ ಹಾಲು ತರಲು ಹೊರಟವನು ಮೆಟ್ಟಿಲ ಮೇಲೆ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಓದಿದ್ದು ನಾಲ್ಕನೇ ತರಗತಿ. ಗಿರಾಕಿಗಳ ಅಳತೆ ಬರೆದಿಡಲು ಅವನೇ ಒಂದು ಪುಟ್ಟ ಪ್ರೋಗ್ರಾಂ ಮಾಡಿಕೊಟ್ಟಿದ್ದ. ಹೆಸರು ಒತ್ತಿದರೆ ಎದೆ, ಭುಜ, ತೋಳು ಸಾಲಾಗಿ ಬರುತ್ತಿದ್ದವು. ಅವನನ್ನು ನಂಬಿ ಹಳೆ ಅಳತೆ ಪುಸ್ತಕಗಳನ್ನು ರದ್ದಿಗೆ ಹಾಕಿದ್ದಳು. ಇನ್ನೂರು ಜನರ ಅಳತೆ ಆ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಮೈದುನ ಬಂದ. ಅವನೂ ಅಣ್ಣನ ಕಸುಬಿನವನೇ.

"ಅತ್ತಿಗೆ, ಈ ಸಿಸ್ಟಂ ಹಳೇದಾಯ್ತು. ಹೊಸದು ಹಾಕ್ಲೇಬೇಕು."

"ಅಳತೆ ಹೋದ್ರೆ ನಾನು ಅಂಗಡಿ ಮುಚ್ಚಬೇಕು."

"ನಕಲು ತೆಗೆದಿಡ್ತೀನಿ. ಅಣ್ಣ ಎಲ್ಲಿಟ್ಟಿದಾನೆ ಅಂತ ಸಿಗಬೇಕಲ್ಲ. ಪ್ಯಾಕೇಜಿನ ಜಾಗದಲ್ಲಿ ಬೆರೆಸಿದ್ರೆ ಹುಡುಕೋದು ಕಷ್ಟ. ಹೊಸದು ಅಳಿಸಿಯೂ ಬಿಡಬಹುದು."

"ಕಂಪ್ಯೂಟರ್ ಯಾರದೋ ಅವರ ಜಾಗ ಅಂತಿದ್ರು. ಅಲ್ಲಿ ನೋಡು."

ಅವನು ನೋಡಿದ.

"ಇಲ್ಲೇ ಇದೆ. ಒಡೆಯರ ಜಾಗದಲ್ಲಿ ನಿಮ್ಮ ಅಳತೆ ಬಿಟ್ರೆ ಬೇರೇನೂ ಇಲ್ಲ ಅತ್ತಿಗೆ. ತನ್ನದು ಒಂದು ಫೈಲೂ ಇಟ್ಟಿಲ್ಲ."

ಅಣ್ಣ ಹತ್ತು ವರ್ಷ ದುಡಿದ ಕಂಪ್ಯೂಟರು ಅದು.

ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಅವಳು ಹೊಲಿಗೆ ಯಂತ್ರ ತುಳಿಯದೆ ಕೂತಿದ್ದಳು. ಕೊನೆಗೆ ಹಳೆ ಗಿರಾಕಿ ಟೀಚರಮ್ಮನ ಹೆಸರು ಒತ್ತಿದಳು. ತೋಳು ಹದಿನೇಳು. ಸರಿಯಾಗಿತ್ತು.

ಮೈದುನ ಕತ್ತರಿಗೆಂದು ಡ್ರಾಯರು ಎಳೆದ. "ಈ ಡಬ್ಬಿ ಅಣ್ಣಂದಲ್ವಾ? ಮೇಜಿನ ಮೇಲಿಡ್ಲಾ?"

"ಅಲ್ಲೇ ಇರ್ಲಿ. ಡ್ರಾಯರು ನನ್ನದು."

ಈಗಲೂ ಪ್ರತಿ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವ ಮೊದಲು ಡಬ್ಬಿ ತೆಗೆಯುತ್ತಾಳೆ. ಉಳಿದ ಬಟ್ಟೆಯ ಚೂರಿನಿಂದ ಗಾಜು ಒರೆಸುತ್ತಾಳೆ. ಮತ್ತೆ ದಾರದುಂಡೆಗಳ ನಡುವೆಯೇ ಇಡುತ್ತಾಳೆ.