ಹಳದಿ ಬಟ್ಟೆ ಕಟ್ಟಿದ ಬಳ್ಳಿ

ಕಾಳುಮೆಣಸು ಒಣಹಾಕಿದ ಚಾಪೆಯ ಪಕ್ಕದಲ್ಲಿ ಹಾದುಹೋಗುವವರು ಯಾರೇ ಆಗಲಿ, ಬಗ್ಗಿ ಒಂದು ಕಾಳೆತ್ತಿ ಹಲ್ಲಿನಡಿ ‘ಕಟಂ’ ಎನಿಸದೆ ಮುಂದೆ ಹೋದದ್ದನ್ನು ನಾನು ಈ ಹೆತ್ತೂರು ಸೀಮೆಯಲ್ಲಿ ಕಂಡಿಲ್ಲ. ಪೋಸ್ಟಿನವನು, ಕರೆಂಟು ಬಿಲ್ಲಿನವನು, ಓಟು ಕೇಳಲು ಬಂದವರು, ಎಲ್ಲರೂ ನಮ್ಮ ಅಂಗಳದಲ್ಲಿ ಮೆಣಸಿನ ಪರೀಕ್ಷಕರೇ. ಒಣಗಿದೆಯೋ ಇಲ್ಲವೋ ಎಂದು ಮೊದಲು ತೀರ್ಪು ಕೊಟ್ಟು, ಬಂದ ಕೆಲಸವನ್ನು ಆಮೇಲೆ ಹೇಳುತ್ತಾರೆ. ಜಗುಲಿಯಲ್ಲಿ ಕಾಫಿ ಲೋಟ ಹಿಡಿದು ಕೂತು ಇವರನ್ನೆಲ್ಲ ನೋಡುವ ಸುಖಕ್ಕೆ ನಾನು ಫೆಬ್ರವರಿಯ ಬಿಸಿಲನ್ನೇ ಕಾಯುತ್ತಿರುತ್ತೇನೆ. ಒಬ್ಬಳು ಮಾತ್ರ ಚಾಪೆ ಕಂಡೊಡನೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಬೇಲಿಯಂಚಿನಲ್ಲೇ ನಿಂತುಬಿಡುತ್ತಿದ್ದಳು. ಅವಳ ಹೆಸರು ರತ್ನ.

ರತ್ನ ವನಗೂರಿನ ಕಡೆಯ ಎಸ್ಟೇಟೊಂದರ ಕೂಲಿಲೈನಿನವಳು. ಕುಡಿದು ಹೊಡೆಯಲು ಬಂದ ಗಂಡನ ಮೇಲೆ ಕೈಗೆ ಸಿಕ್ಕ ಸೌದೆ ಬೀಸಿದಳು. ಅವನ ತಲೆ ಒಡೆಯಿತು, ಇವಳ ಮೇಲೆ ಕೇಸಾಯಿತು. ಜಾಮೀನಿನ ಮೇಲೆ ಹೊರಗಿದ್ದಾಗ ಬಸ್ಸು ತಪ್ಪಿ ಒಂದು ತಾರೀಖಿಗೆ ಕೋರ್ಟು ಮುಟ್ಟಲಾಗಲಿಲ್ಲವೆಂದು ವಾರಂಟು ಹೊರಟು, ಹಾಲುಬಿಡದ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮತ್ತೆ ಜೈಲು ಸೇರಿದ್ದಳು. ಇಂಥವರು ಹಿಂದಿನ ದಿನವೇ ಬಂದು ತಂಗಲೆಂದು, ಮಗುವನ್ನು ಬಿಟ್ಟು ಕೋರ್ಟಿಗೆ ಹೋಗಿಬರಲೆಂದು, ನಮ್ಮ ಮಹಿಳಾ ಸಂಘ ಕೋರ್ಟಿರುವ ಸಕಲೇಶಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿತ್ತು. ಎರಡನೆಯ ಸಲ ಜಾಮೀನು ಸಿಕ್ಕ ಮೇಲೆ ರತ್ನ ನಮ್ಮ ಮನೆಯೆದುರಿನಿಂದಲೇ ಬಸ್ಸು ಹತ್ತಿ ಆ ಮನೆಗೆ ಹೋಗುತ್ತಿದ್ದಳು. ಆ ಬಾಗಿಲು ಮುಚ್ಚಿದರೆ ಇನ್ನೊಂದು ತಾರೀಖು ತಪ್ಪುವುದು, ಮಗಳು ಮತ್ತೆ ಅನಾಥಳಾಗುವುದು ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬಾಡಿಗೆ ಕೊಡುತ್ತಿದ್ದ ದೂರದ ಸಂಸ್ಥೆ, ತನ್ನ ಗಮನ ಈಗ ಬೇರೆ ಕಡೆ ಹರಿದಿದೆಯೆಂದು ಬಹಳ ವಿನಯದಿಂದ ಕೈಬಿಟ್ಟಿತು. ಸರಿ, ಸಂಘದವರು ಮನೆಮನೆ ತಿರುಗಿದೆವು. ದುಡ್ಡು ಕೇಳಿದರೆ ಜನ ಗಂಟಲು ಸರಿಮಾಡಿಕೊಳ್ಳುತ್ತಾರೆ, ಅದಕ್ಕೇ ಒಂದು ಬಳ್ಳಿ ಕೇಳಿದೆವು: ನಿಮ್ಮ ತೋಟದ ಒಂದೇ ಒಂದು ಮರದ ಮೆಣಸನ್ನು ಆ ಮನೆಯ ಬಾಡಿಗೆಗೆಂದು ಬಿಡಿ, ಗುರುತಿಗೆ ಏನಾದರೂ ಕಟ್ಟಿ. ಒಂದು ಬಳ್ಳಿ ತಾನೇ ಎಂದು ಎಲ್ಲರೂ ಒಪ್ಪಿದರು. ಗುರುತಿಗೆಂದು ಎಲ್ಲರೂ ಕಟ್ಟಿದ್ದು ಅರಿಸಿನದಲ್ಲಿ ಅದ್ದಿದ ಹಳದಿ ಬಟ್ಟೆಯ ಚೂರು. ಮುಡಿಪಿನ ಬಳ್ಳಿಗೆ ಬೇರೇನನ್ನು ಕಟ್ಟಿಯೂ ನಮ್ಮ ಕೈಗಳಿಗೆ ಅಭ್ಯಾಸವಿಲ್ಲವಲ್ಲ.

ನಮ್ಮಲ್ಲಿ ಹಳದಿ ಬಟ್ಟೆಯ ಬಳ್ಳಿ ಎಂದರೆ ಊರಮ್ಮನದು. ಅದನ್ನು ಎಲ್ಲಕ್ಕಿಂತ ಮೊದಲು ಕೊಯ್ದು, ಮನೆಯ ಚಾಪೆಗೂ ತಾಗಿಸದೆ ನೆಟ್ಟಗೆ ಗುಡಿಗೆ ಸಾಗಿಸುತ್ತಾರೆ. ಕೊಯ್ಲಿನವರು ಪದ್ಧತಿಯಂತೆ ಹಾಗೆಯೇ ಮಾಡಿದರು. ನಾವು ಚೀಲ ಹಿಡಿದು ಹೊರಡುವಷ್ಟರಲ್ಲಿ ಸಕಲೇಶಪುರದ ಮನೆಯ ಬಾಡಿಗೆಯೆಲ್ಲ ಅಮ್ಮನ ಅಂಗಳದಲ್ಲಿ ಹಾಯಾಗಿ ಬಿಸಿಲು ಕಾಯಿಸುತ್ತಿತ್ತು.

ನಗುವೂ ಬಂತು, ಅಳುವೂ ಬಂತು. ಗುಡಿಗೆ ಹೋದೆವು, ಜೊತೆಗೆ ಬಂದ ರತ್ನ ಮಗಳನ್ನೆತ್ತಿಕೊಂಡು ಹೊಸ್ತಿಲಾಚೆಯೇ ನಿಂತಳು. ಜೈಲಿಗೆ ಹೋಗಿಬಂದ ಮೇಲೆ ಅವಳು ಗುಡಿಯೊಳಗೆ ಕಾಲಿಟ್ಟಿರಲಿಲ್ಲ. ಬೇಡವೆಂದವರಿಲ್ಲ, ಬಾ ಎಂದವರೂ ಇಲ್ಲ. ಗುಡಿಯ ಕಮಿಟಿ ನೋಡಿಕೊಳ್ಳುವ ಪುಟ್ಟೇಗೌಡರು ನಮ್ಮ ಮಾತನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು.

“ಅಮ್ಮನ ಅಂಗಳಕ್ಕೆ ಬಂದದ್ದು ವಾಪಸ್ ಹೋಗಿದ್ದೇ ಇಲ್ಲ ಕಣಕ್ಕ. ಎತ್ಕೊಂಡ್ ಹೋಗಿ ಅಂತ ನಾನ್ ಯಾವ ಬಾಯಲ್ಲಿ ಹೇಳ್ಲಿ?”

ಅವರ ಸಂಕಟವೂ ಸುಳ್ಳಲ್ಲ. ಆಗ ಆರತಿ ತಟ್ಟೆ ಒರೆಸುತ್ತಿದ್ದ ಪೂಜಾರಪ್ಪ ತಲೆಯೆತ್ತದೆಯೇ ಕೇಳಿದರು: “ವಾಪಸ್ ಯಾಕ್ ಕೊಡ್ತೀರಿ ಗೌಡ್ರೇ? ಪ್ರಸಾದ ಅಂತ ಕೊಟ್ರಾಯ್ತು. ಪ್ರಸಾದ ಇಷ್ಟೇ ಕೊಡ್ಬೇಕು ಅಂತ ಎಲ್ಲೈತೆ?”

ನೋಡಿ, ನಾವು ಮನುಷ್ಯರಿಗೆ ಕೊಡುವಾಗ ಎಷ್ಟೊಂದು ವಿಚಾರಣೆ ನಡೆಸುತ್ತೇವೆ. ತಪ್ಪು ಇವಳದೋ, ಗಂಡನದೋ, ಈ ಸಹಾಯಕ್ಕೆ ಇವಳು ಯೋಗ್ಯಳೋ ಎಂದು ಕೋರ್ಟು ಮುಗಿಸದ ಕೇಸನ್ನು ಜಗುಲಿಯಲ್ಲೇ ಮುಗಿಸುತ್ತೇವೆ. ಪ್ರಸಾದಕ್ಕೆ ಕೈಯೊಡ್ಡಿದವರನ್ನು ಮಾತ್ರ ಇಂದಿನವರೆಗೆ ಯಾರೂ ಏನೂ ಕೇಳಿದ್ದಿಲ್ಲ. ಬಳ್ಳಿ ಕೇಳುತ್ತ ತಿರುಗಿದ ನಮಗೂ ಇದು ಹೊಳೆದಿರಲಿಲ್ಲ.

ಪುಟ್ಟೇಗೌಡರ ಮುಖ ಅರಳಿತು. ಆದರೂ ಗೌಡರು ಗೌಡರೇ, ಪದ್ಧತಿ ಬಿಡುವವರಲ್ಲ. “ಆಗ್ಲಿ. ಆದ್ರೆ ಪ್ರಸಾದ ಹೊಸ್ತಿಲಿಂದಾಚೆ ಕೊಡೋದಿಲ್ಲ. ಒಳಗ್ ಬಂದು ಈಸ್ಕೋಬೇಕು,” ಎಂದು ಬಾಗಿಲ ಕಡೆ ತಿರುಗಿದರು. “ಬಾರವ್ವ, ಮಗೀನೂ ಕರ್ಕೊಂಡ್ ಬಾ. ಬಿಸ್ಲಲ್ಲಿ ಯಾಕ್ ನಿಂತಿದೀಯ?”

ರತ್ನ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಬಂದು ಸೆರಗೊಡ್ಡಿದಳು. ಪೂಜಾರಪ್ಪ ಮೊದಲ ಬೊಗಸೆ ಹಾಕಿ ಹಣೆಗೆ ಕುಂಕುಮವಿಟ್ಟರು. ಉಳಿದದ್ದನ್ನು ನಾವು ಚೀಲಗಳಿಗೆ ತುಂಬಿದೆವು. ನನಗೆ ಅಳು ತಡೆಯಲಾಗಲಿಲ್ಲ. ಮೆಣಸಿನ ಘಾಟೆಂದು ಮೂಗೊರೆಸಿಕೊಂಡೆ.

ಈ ವರ್ಷವೂ ತೋಟಗಳಲ್ಲಿ ಹಳದಿ ಬಟ್ಟೆ ಕಟ್ಟಿದ್ದಾರೆ, ಈ ಸಲ ತಿಳಿದೇ. ಮೆಣಸು ಮೊದಲು ಗುಡಿಗೆ ಹೋಗಿ, ಅಲ್ಲಿಂದ ಪ್ರಸಾದವಾಗಿ ಹೊರಬಂದು ಸಕಲೇಶಪುರದ ಮನೆಯ ಬಾಡಿಗೆಯಾಗುತ್ತದೆ. ರತ್ನನ ಕೇಸು ಇನ್ನೂ ನಡೆಯುತ್ತಿದೆ; ತಾರೀಖು ಮಾತ್ರ ಒಂದೂ ತಪ್ಪಿಲ್ಲ.

ಮೊನ್ನೆ ಬಸ್ಸಿಗೆ ಮೊದಲೇ ಬಂದವಳು ಬೇಲಿಯಂಚಿನಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಅಂಗಳಕ್ಕೆ ಬಂದು, ನಾನು ನೋಡುತ್ತಿದ್ದಂತೆಯೇ ಬಗ್ಗಿ, ಚಾಪೆಯಿಂದ ಒಂದು ಕಾಳೆತ್ತಿ ಬಾಯಿಗೆ ಹಾಕಿಕೊಂಡಳು. ಕಟಂ ಎನ್ನಲಿಲ್ಲ. ಮುಖ ಕಿವುಚಿ ಹೇಳಿದಳು:

“ಇನ್ನೂ ಒಂದ್ ಬಿಸ್ಲು ಬೇಕು ಕಣಕ್ಕ.”