ಕೆಂಪು ಜೀಪು ಬಿಡುವ ಬಾಲರಾಜ್

ಬಾಲರಾಜ್‌ನ ಮೇಲೆ ನನಗೆ ಪ್ರೀತಿ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ. ನಾನು ರುದ್ರೇಶ್, ಕಳಸದಲ್ಲಿ ಗ್ಯಾರೇಜ್ ಇಟ್ಟುಕೊಂಡವನು. ಅವನು ಬಾಳೂರಿನ ಹತ್ತಿರ ಚಂದ್ರಶೇಖರ ಗೌಡರ ಎಸ್ಟೇಟಿನಲ್ಲಿ ಡ್ರೈವರ್. ಡ್ರೈವರ್ ಅನ್ನುವುದು ಹೆಸರಿಗಷ್ಟೇ. ಪಂಪ್ ಕೆಟ್ಟರೆ ಅವನೇ, ಕರೆಂಟ್ ಹೋದರೆ ಅವನೇ, ಗೌಡರ ತಾಯಿ ರುಕ್ಮಿಣಮ್ಮನವರ ಕನ್ನಡಕದ ಸ್ಕ್ರೂ ಬಿದ್ದರೂ ಅವನೇ. ಭಾನುವಾರ ನನ್ನ ಗ್ಯಾರೇಜಿಗೆ ಬಂದು ಕೂತನೆಂದರೆ ಚಹಾ ಆರುವುದರೊಳಗೆ ಫೋನ್ ಬರುತ್ತದೆ. "ಬಾಲರಾಜ್, ಎಲ್ಲಿದ್ದಿ? ಸ್ವಲ್ಪ ಬಂದು ಹೋಗು." ಆ 'ಸ್ವಲ್ಪ' ಸಂಜೆಯಾದರೂ ಮುಗಿಯುವುದಿಲ್ಲ.

ಅವನು ಹುಟ್ಟಿದ್ದೇ ಆ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಅಪ್ಪ ಲಕ್ಕಯ್ಯ ಅಲ್ಲೇ ಮೇಸ್ತ್ರಿಯಾಗಿದ್ದವನು. ಬಾಲರಾಜ್‌ಗೆ ಲೈಸೆನ್ಸ್ ಮಾಡಿಸಿಕೊಟ್ಟದ್ದು ಗೌಡರು. ಹೆಂಡತಿ ರೇವತಿಯನ್ನು ಮೊದಲು ನೋಡಲು ಹೋದಾಗ ಹೆಣ್ಣಿನ ಕಡೆಯವರ ಹತ್ತಿರ ಇವನ ಪರವಾಗಿ ಮಾತಾಡಿದ್ದೂ ಗೌಡರು. ತಾಯಿ ಯಲ್ಲಮ್ಮನಿಗೆ ಎದೆನೋವು ಬಂದಾಗ ಸುರಿಯುವ ಮಳೆಯಲ್ಲಿ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದದ್ದೂ ಅವರೇ. ಬೈಯುವ ಧಣಿಯಾಗಿದ್ದರೆ ಇವನು ಎಂದೋ ಗಂಟುಮೂಟೆ ಕಟ್ಟುತ್ತಿದ್ದ. ಗೌಡರು ಬೈಯುವ ಜಾತಿಯ ಮನುಷ್ಯರೇ ಅಲ್ಲ. ಬಂದವರಿಗೆಲ್ಲ "ಇವ ನಮ್ಮನೆ ಹುಡುಗ" ಅಂತ ಪರಿಚಯ ಮಾಡಿಕೊಡುತ್ತಾರೆ. ಆ ಹುಡುಗನ ತಲೆ ಈಗ ಅರ್ಧ ಬೆಳ್ಳಗಾಗಿದೆ.

ಹರೆಯದಲ್ಲಿ ಸ್ವಲ್ಪ ಕಾಲ ಅವನು ಮಂಗಳೂರಿನ ಒಂದು ಪೇಂಟಿಂಗ್ ಶೆಡ್ಡಿನಲ್ಲಿದ್ದ. ಅಪ್ಪ ತೀರಿಕೊಂಡಾಗ ವಾಪಸ್ಸು ಬಂದವನು ಮತ್ತೆ ಹೋಗಲಿಲ್ಲ. ಸ್ವಂತದ್ದೊಂದು ಶೆಡ್ ಹಾಕಬೇಕು, ಹಳೆಯ ಗಾಡಿಗಳಿಗೆ ಬಣ್ಣದ ಕೆಲಸ ಮಾಡಬೇಕು ಅನ್ನುವುದು ಅವನಿಗಿದ್ದ ಒಂದೇ ಒಂದು ಆಸೆ. ಈ ವರ್ಷ ನನ್ನ ಗ್ಯಾರೇಜಿನ ಪಕ್ಕದ ಶೆಡ್ ಖಾಲಿಯಾಯಿತು. ಹಿಂದೆ ಒಂದು ರೂಮು, ಅಡಿಗೆಮನೆ. ಶೆಡ್ಡಿನ ಒಡತಿ ಸಿದ್ದಗಂಗಮ್ಮ ನನ್ನ ಮಾತಿಗೆ ಕಟ್ಟುಬಿದ್ದು ಕಾಯುತ್ತಿದ್ದಳು. ಆದರೆ ಮಳೆ ಹಿಡಿಯುವುದರೊಳಗೆ ಬರದಿದ್ದರೆ ಗೊಬ್ಬರದಂಗಡಿಯವರಿಗೆ ಕೊಡುತ್ತೇನೆ ಅಂತಲೂ ಖಡಾಖಂಡಿತವಾಗಿ ಹೇಳಿದ್ದಳು. ರೇವತಿ ಒಮ್ಮೆ ಬಂದು ಆ ರೂಮಿನ ಬಾಗಿಲನ್ನು ಎರಡೆರಡು ಸಲ ಹಾಕಿ ತೆಗೆದು ನೋಡಿದಳು. "ನಾವು ಹಾಕ್ಕೊಂಡ್ರೆ ಹಾಕ್ಕೊಂಡೇ ಇರೋ ಬಾಗ್ಲು ಅಣ್ಣ," ಅಂದಳು. ಲೈನ್ ಮನೆಯ ಬಾಗಿಲು ಯಾವ ಹೊತ್ತಿಗೂ ಯಾರಾದರೂ ತಟ್ಟುವಂಥದ್ದು.

ಅಷ್ಟರಲ್ಲಿ ಗೌಡರಿಗೆ ತಮ್ಮ ತಂದೆಯ ಜೀಪು ನೆನಪಾಯಿತು. ಚಿಕ್ಕಮಗಳೂರಿನಲ್ಲಿ ಹಳೆಯ ಗಾಡಿಗಳ ಮೆರವಣಿಗೆಯಂತೆ, ಮಗಳು ನಿಖಿತಾ ಎಲ್ಲಿಂದಲೋ ಸುದ್ದಿ ತಂದಳು. ಗೋಡೌನಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಚೀಲಗಳ ಹಿಂದೆ ನಿಂತಿದ್ದ ಜೀಪನ್ನು ಹೊರಗೆ ತಳ್ಳಿದರು. ಕೆಂಪು ಜೀಪು ಮಾಸಿ ಪೇರಲೆ ಹಣ್ಣಿನ ಒಳಗಿನ ಗುಲಾಬಿ ಬಣ್ಣಕ್ಕೆ ಬಂದಿತ್ತು. ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ. ಗೌಡರು ಹೊಸ ಬಣ್ಣ ಹೊಡೆಸಲು ಮೂಡಿಗೆರೆಗೆ ಕಳಿಸುವವರಿದ್ದರು. ಇವನು ಸುಮ್ಮನಿರಬಾರದೇ?

"ಬೇಡ ಗೌಡ್ರೇ. ಇದು ಕಂಪನಿ ಬಣ್ಣ. ಒಂದೇ ಪದರ, ಈಗಿನ ಗಾಡಿಗಳ ಹಾಗೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇಲ್ಲ. ಒಣಗಿದೆ ಅಷ್ಟೇ, ಒಳಗೆ ಬಣ್ಣ ಇನ್ನೂ ಇದೆ."

"ಹಾಗಾದ್ರೆ ನೀನೇ ಮಾಡು ಮಾರಾಯ. ನೀನಿರೋವಾಗ ಬೇರೆಯವ್ರು ಯಾಕೆ?"

ತನ್ನ ಬಾಯಿಂದ ತಾನೇ ಸಿಕ್ಕಿಬಿದ್ದ. ನನಗೆ ಬಂದ ಕೋಪಕ್ಕೆ ಎರಡು ದಿನ ಅವನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಅವನೇ ಬಂದ. "ಇದೊಂದು ಕೆಲಸ ಮುಗಿಸ್ಕೊಟ್ಟು ಗೌಡ್ರಿಗೆ ಶೆಡ್ಡಿನ ವಿಷಯ ಹೇಳ್ತೀನಿ. ಖುಷಿಯಾಗಿರ್ತಾರೆ, ಬೇಜಾರು ಮಾಡ್ಕೊಳ್ಳಲ್ಲ," ಅಂದ. ಸರಿ ಅಂದೆ.

ಕೆಲಸ ಮಾತ್ರ ಅವನದು ನೋಡುವಂಥದ್ದು. ಮೊದಲು ಬಾಗಿಲ ಕೆಳಮೂಲೆಯಲ್ಲಿ ಅಂಗೈಯಗಲ ಉಜ್ಜಿ ಪರೀಕ್ಷೆ ಮಾಡಿದ. ಆಮೇಲೆ ಎಣ್ಣೆಯಂಶದ ಪಾಲಿಶನ್ನು ಹಳೆಯ ಟವೆಲಿನಿಂದ ದಪ್ಪಗೆ ಬಳಿದು ರಾತ್ರಿಯಿಡೀ ಹಾಗೇ ಇಟ್ಟ. ಒಣಗಿದ ಬಣ್ಣ ಎಣ್ಣೆ ಕುಡಿಯುತ್ತದೆ. ಬೆಳಿಗ್ಗೆ ಒರೆಸಿದರೆ ಟವೆಲೆಲ್ಲ ಕೆಂಪು. ರುಕ್ಮಿಣಮ್ಮ ಗಾಬರಿಯಾಗಿ, "ಅಯ್ಯೋ, ಬಣ್ಣ ಎಲ್ಲಾ ಬಟ್ಟೆಗೇ ಬಂತಲ್ಲೋ!" ಅಂದರು. "ಮೇಲಿಂದು ಸತ್ತ ಬಣ್ಣ ಅಮ್ಮ, ಅದು ಹೋಗ್ಬೇಕು," ಅಂದ. ನಾನು ಮಷೀನ್ ತಂದುಕೊಡುತ್ತೇನೆ ಅಂದರೆ ಬೇಡವೆಂದ. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ತೆಳುವಾಗಿ ತಳದ ಬೂದು ಇಣುಕುತ್ತಿತ್ತು. ಅಲ್ಲಿ ಬರೀ ಬೆರಳಿನಲ್ಲಿ ಸವರಿ ನಿಲ್ಲಿಸಿದ. ಹೆಚ್ಚು ಉಜ್ಜಿದರೆ ಇರುವುದೂ ಹೋಗುತ್ತದೆ.

ನೆಟ್ಟಗೆ ಮಾಡಲು ಬಿಟ್ಟಿದ್ದರೆ ಬೇಗ ಮುಗಿಯುತ್ತಿತ್ತು. ಒಂದು ಮಡ್‌ಗಾರ್ಡ್ ಉಜ್ಜುವಾಗ ನೆಂಟರನ್ನು ಕೊಪ್ಪಕ್ಕೆ ಬಿಟ್ಟುಬರಬೇಕು, ಇನ್ನೊಂದಕ್ಕೆ ಕೈ ಹಚ್ಚಿದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕರೆಯುತ್ತಾರೆ. ಬರುವುದರೊಳಗೆ ಪಾಲಿಶ್ ಒಣಗಿ ಗಟ್ಟಿಯಾಗಿ, ಮತ್ತೆ ಮೊದಲಿಂದ. ಆದರೆ ಕೊನೆಕೊನೆಗೆ ನನಗೇ ಅನುಮಾನ ಬಂತು. ಮುಗಿದರೆ ಹೇಳಬೇಕಲ್ಲ ಅಂತ ಇವನೇ ಎಳೆಯುತ್ತಿದ್ದಾನೆ.

ಹಾಗಾಗಿ ಗ್ಯಾರೇಜಿನಲ್ಲಿ ಕೂರಿಸಿ ಹೇಳುವ ಮಾತನ್ನು ಅಭ್ಯಾಸ ಮಾಡಿಸಿದೆ. ನಾನೇ ಗೌಡ. ಕಾಲ ಮೇಲೆ ಕಾಲು ಹಾಕಿ, "ಏನೋ ಬಾಲರಾಜ್?" ಅಂದೆ.

"ಗೌಡ್ರೇ, ನಾ ಕೆಲಸ ಬಿಡ್ತೀನಿ. ಕಳಸಕ್ಕೆ ಹೋಗಿ ಶೆಡ್ ಹಾಕ್ತೀನಿ."

ನನ್ನೆದುರಿಗೆ ಗಂಟೆ ಹೊಡೆದ ಹಾಗೆ ಹೇಳಿದ. ರೇವತಿ ಅವತ್ತೇ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಲು ಶುರುಮಾಡಿದಳು.

ಜೀಪು ಮುಗಿದ ದಿನ ನಾನೂ ಹೋದೆ, ಇವನು ಜಾರಿಕೊಳ್ಳದಿರಲಿ ಅಂತ. ಕಾಫಿ ಒಣಗಿಸುವ ಕಣದಲ್ಲಿ ಜೀಪು ನಿಂತಿತ್ತು. ನಿಜ ಹೇಳುತ್ತೇನೆ, ನಾನು ಅದರ ಸುತ್ತ ಎರಡು ಸುತ್ತು ಬಂದೆ. ಮಾಗಿದ ಕಾಫಿ ಹಣ್ಣಿನ ಕೆಂಪು. ಹೊಸ ಗಾಡಿಯ ಕಣ್ಣು ಕುಕ್ಕುವ ಹೊಳಪಲ್ಲ, ಒಳಗಿನಿಂದ ಬಂದ ಬಣ್ಣ. ಗೌಡರು ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತುಬಿಟ್ಟರು. "ಅಪ್ಪ ಈಗ ತಾನೇ ಇಳಿದು ಒಳಗೆ ಹೋದ ಹಾಗಿದೆ ಕಣೋ," ಅಂದರು. ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಖಿತಾ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು.

ನಾನು ಬಾಲರಾಜ್‌ಗೆ ಕಣ್ಣಲ್ಲೇ ಹೇಳಿದೆ, ಈಗ.

"ಗೌಡ್ರೇ," ಅಂದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಾ ಒಂದು ಮಾತು ಹೇಳ್ಬೇಕಿತ್ತು."

"ಹೇಳೋ."

"ನಾ... ಇನ್ನು ನಾ ಬಿಡ್ತೀನಿ."

'ಕೆಲಸ' ಅನ್ನುವ ಮೂರಕ್ಷರ ಎಲ್ಲಿ ನುಂಗಿದನೋ! ಗೌಡರು ಅಳುತ್ತಲೇ ನಕ್ಕರು.

"ಬಿಡೋ ಮಾರಾಯ! ಈ ಜೀಪನ್ನ ನೀನಲ್ದೆ ಇನ್ಯಾರು ಬಿಡೋದು? ನಾನಿರೋ ತನಕ ನೀನೇ ಬಿಡ್ಬೇಕು. ನನ್ನ ನಂತರನೂ ನೀನೇ." ಕೀ ತೆಗೆದು ಅವನ ಕೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಿಂದ ಮುಚ್ಚಿದರು. ನಿಖಿತಾ ಚಪ್ಪಾಳೆ ತಟ್ಟಿದಳು.

"ಗೌಡ್ರೇ, ಅವ ಹೇಳಿದ್ದು ಅದಲ್ಲ..." ಅಂತ ನಾನು ಬಾಯಿ ತೆರೆದೆ. ಬಾಲರಾಜ್ ನನ್ನ ತೋಳು ಹಿಡಿದ. "ಸುಮ್ನಿರು ಮಾರಾಯ," ಅಂದ ಮೆಲ್ಲಗೆ.

ಎಲ್ಲರೂ ಹತ್ತಿ ದೇವರಮನೆ ಗುಡ್ಡಕ್ಕೆ ಹೋದೆವು. ಸ್ಟೀರಿಂಗಿಗೆ ಬಾಲರಾಜ್, ಪಕ್ಕದಲ್ಲಿ ಗೌಡರು, ನಾವು ಹಿಂದೆ. ದಾರಿಯಲ್ಲಿ ಕಂಡವರೆಲ್ಲ ಕೈ ಎತ್ತಿದರು. ಗುಡ್ಡದ ಮೇಲೆ ಗೌಡರ ಮನೆಯವರು ಜೀಪಿನೆದುರು ಚಿತ್ರಕ್ಕೆ ನಿಂತಾಗ ಅವನನ್ನು ಪಕ್ಕಕ್ಕೆ ಎಳೆದೆ.

"ಈಗ್ಲಾದ್ರೂ ಹೇಳು."

"ಹೇಳಿದ್ನಲ್ಲ."

"ಅವ್ರಿಗೆ ಅರ್ಥ ಆಗ್ಲಿಲ್ಲ ಕಣೋ!"

"ಎರಡನೇ ಸಲ ಹೇಳೋಕಾಗಲ್ಲ ರುದ್ರೇಶ್. ಮೊದಲನೇ ಸಲಕ್ಕೇ ಇಷ್ಟು ವರ್ಷ ಬೇಕಾಯ್ತು."

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಅಷ್ಟರಲ್ಲಿ ಗೌಡರು, "ಬಾರೋ, ನೀನೂ ನಿಂತ್ಕೋ," ಅಂತ ಕರೆದರು. ಹೋಗಿ ಅವರ ಪಕ್ಕ ನಿಂತ.

ಇಳಿದು ಬರುವಾಗ ಸಂಜೆಯಾಗಿತ್ತು. ಜೀಪನ್ನು ಗೋಡೌನಿಗೆ ಹಾಕಿ ನಾವಿಬ್ಬರೂ ಲೈನ್ ಮನೆಗೆ ನಡೆದೆವು. ರೇವತಿ ಹೊಸ್ತಿಲಲ್ಲಿ ನಿಂತಿದ್ದಳು.

"ಹೇಳಿದ್ರಾ?"

"ಹೇಳ್ದೆ."

"ಬಿಟ್ರಾ?"

"ಬಿಟ್ಟೆ," ಅಂದ. ಆಮೇಲೆ, ಸುಳ್ಳು ಹೇಳಲು ಬಾರದವನು, "ದೇವರಮನೆ ತನಕ," ಅಂತ ಸೇರಿಸಿದ.

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳಿಗೆ ಅರ್ಥವಾಯಿತು. ಕೂಗಾಡಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಗೋಣಿಯ ಹಗ್ಗ ಬಿಚ್ಚುತ್ತ, ನನಗೆ ಕೇಳುವಷ್ಟು ಮಾತ್ರ ಹೇಳಿದಳು.

"ಸಿದ್ದಗಂಗಮ್ಮಂಗೆ ಹೇಳ್ಬಿಡಿ ಅಣ್ಣ, ಶೆಡ್ಡು ಬೇರೆಯವ್ರಿಗೆ ಕೊಡ್ಲಿ. ನಮ್ಮವ್ರಿಗೆ ಬಿಡೋಕೆ ಬರೋದು ಜೀಪೊಂದೇ."